ಆಸ್ಪತ್ರೆ ದೂರ, ಅಪ್ಪನಿಗೆ ಒಮ್ಮೆ ಹಾರ್ಟ್ ಅಟ್ಯಾಕ್ ಆಗಿದೆ. ಹಗಲು ಹೊತ್ತು ಅವರ ಜೊತೆ ಇರುವುದು ಅಮ್ಮ ಒಬ್ಬರೇ. ಸಾಲ ಮಾಡಿಯಾದರೂ ಮನೆಗೆ ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಮೆಷಿನ್ ತರಲಾ?

ನಮ್ಮ ಮನೆಯೂ ಆಗುಂಬೆ ಕಡೆಯ ತೋಟದ ಮನೆಯೇ. ಅಡಿಕೆ ಸುಲಿಯುವ ಕಾಲ, ರಾತ್ರಿ ಎಂಟೂವರೆ. ಮೆಟ್ಟುಗತ್ತಿ ಮುಂದೆ ಕೂತಿದ್ದ ದೊಡ್ಡಪ್ಪ ಹಾಗೇ ಪಕ್ಕಕ್ಕೆ ವಾಲಿದರು. ಅರ್ಧ ಸುಲಿದ ಅಡಿಕೆ ಇನ್ನೂ ಕೈಯಲ್ಲೇ ಇತ್ತು. ಸುತ್ತ ಹನ್ನೊಂದು ಜನ ಇದ್ದೆವು.

ಅಲ್ಲಾಡಿಸಿದೆ, ಕೂಗಿದೆ. ಎಚ್ಚರ ಇಲ್ಲ. ಅಷ್ಟರಲ್ಲಿ ಗೊರಕೆ ಹೊಡೆದ ಹಾಗೆ ಒಂದು ಉಸಿರು ಎಳೆದರು. "ಉಸಿರಿದೆ, ಏನೂ ಆಗಿಲ್ಲ!" ಅಂದವನು ನಾನೇ.

ಅದು ಉಸಿರಾಟವೇ ಅಲ್ಲ. ಹೃದಯ ನಿಂತ ಮೇಲೂ ಮೆದುಳಿನ ಬುಡ ಸ್ವಲ್ಪ ಹೊತ್ತು ಹಾಗೆ ಎಳೆಸುತ್ತದೆ. ನೀರಿಂದ ತೆಗೆದ ಮೀನು ಬಾಯಿ ಬಿಡುತ್ತದಲ್ಲ, ಹಾಗೆ. ಒಂದು ಎಳೆತ, ಆಮೇಲೆ ಸುಮ್ನೆ, ಮತ್ತೊಂದು ಎಳೆತ. ನಾನು ಅದನ್ನೇ ಎಣಿಸುತ್ತಾ ಧೈರ್ಯ ತಂದುಕೊಂಡೆ. ದೊಡ್ಡಮ್ಮ ಅಂಗಾಲು ಉಜ್ಜಿದರು, ಯಾರೋ ಈರುಳ್ಳಿ ಮೂಸಿಸಿದರು. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತೀರ್ಥಹಳ್ಳಿಗೆ ಹೊರಟೆವು. ಉಸಿರಿರುವವರ ಎದೆ ಯಾಕೆ ಒತ್ತಬೇಕು, ಅಲ್ವಾ? ಮೇಗರವಳ್ಳಿ ದಾಟುವಷ್ಟರಲ್ಲಿ ಆ ಎಳೆತವೂ ನಿಂತಿತ್ತು. "ಬಿದ್ದ ಕೂಡಲೇ ಎದೆ ಒತ್ತಿದ್ರಾ?" ಅಂತ ಡಾಕ್ಟರು ಕೇಳಿದಾಗಲೂ ನಾನು "ಇಲ್ಲ ಡಾಕ್ಟ್ರೇ, ಉಸಿರಿತ್ತು" ಅಂದೆ.

ಹಾಗಾಗಿ ಸಾಲದ ಮಾತು ಸದ್ಯಕ್ಕೆ ಬಿಡಿ. ಎಇಡಿ ಒಳ್ಳೆಯ ಮೆಷಿನ್ನೇ, ಮಾತಾಡಿ ದಾರಿ ತೋರಿಸುತ್ತದೆ. ಆದರೆ ಹೃದಯ ಅಡ್ಡಾದಿಡ್ಡಿ ಅದುರುತ್ತಿದ್ದರೆ ಮಾತ್ರ ಶಾಕ್ ಕೊಡುತ್ತದೆ. ಪೂರ್ತಿ ಸ್ತಬ್ಧವಾಗಿದ್ದರೆ ಕೊಡುವುದಿಲ್ಲ, ಆಗ ನಿಮ್ಮ ಕೈಯೇ ಗತಿ. ಶಾಕ್ ಬೇಕಾದವರಿಗೂ ಯಾರೂ ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ.

ಕರೆದರೆ ಎಚ್ಚರವಿಲ್ಲ, ಉಸಿರು ಸರಿಯಿಲ್ಲ ಅಂದರೆ ಹೃದಯ ನಿಂತಿದೆ ಅಂತಲೇ ತಿಳಿಯಿರಿ. 108ಕ್ಕೆ ಫೋನ್ ಮಾಡಿ. (ನಮ್ಮಲ್ಲಿ ಸಿಗ್ನಲ್‌ಗೆ ಗುಡ್ಡ ಹತ್ತಬೇಕು, ಜನ ಇದ್ದರೆ ಒಬ್ಬರನ್ನು ಓಡಿಸಿ.) ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ, ಐದಾರು ಸೆಂಟಿಮೀಟರ್ ಇಳಿಯುವಷ್ಟು ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಪಕ್ಕೆಲುಬು ಮುರಿದರೆ ಮುರಿಯಲಿ. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಇನ್ನೊಬ್ಬರು ಇದ್ದರೆ ಬದಲಾಗಿ.

ಆಮೇಲೆ ನಾನು ಶಿವಮೊಗ್ಗಕ್ಕೆ ಹೋಗಿ ಒಂದು ದಿನ ಕಲಿತು ಬಂದೆ. ಈಗ ಸುಲಿಯಲು ಬರುವವರಿಗೆಲ್ಲ ಅಡಿಕೆ ಮೂಟೆ ಮೇಲೆ ಒತ್ತಿಸುತ್ತೇನೆ. ನಗುತ್ತಾರೆ, ಆದರೂ ಒತ್ತುತ್ತಾರೆ.

ಹಗಲು ಹೊತ್ತು ಅಪ್ಪನ ಜೊತೆ ಇರುವುದು ಅಮ್ಮ ಒಬ್ಬರೇ ಅಂತ ಬರೆದಿದ್ದೀರಿ. ಹಾಗಾದರೆ ಮೊದಲು ಕಲಿಯಬೇಕಾದವರು ಅವರು. ಈ ವಾರವೇ ಕರೆದುಕೊಂಡು ಹೋಗಿ.