ಓದುಗರ ಪ್ರಶ್ನೆ: ಒಳಗೆ ಮೆತ್ತಗಿರುವ ಶಾಫ್ಟ್, ಮ್ಯಾಗ್ನೆಟ್ ಹಿಡಿಯದ ಜಾ ಪ್ಲೇಟ್

ಪ್ರಶ್ನೆ: ರೈಸ್ ಮಿಲ್ಲಿನ 70 ಮಿ.ಮೀ. ಶಾಫ್ಟೊಂದನ್ನು ಇಎನ್8 ದರ್ಜೆಯ ಉಕ್ಕಿನಲ್ಲಿ ಮಾಡಿ, ಕಾಯಿಸಿ ನೀರಿಗದ್ದಿ ಹಾರ್ಡ್ನಿಂಗ್ (ಗಟ್ಟಿ) ಮಾಡಿಸಿದೆವು. ಮೇಲೇನೋ ಗಟ್ಟಿ ಬಂತು. ಬೇರಿಂಗ್ ಕೂರುವ ಜಾಗದಲ್ಲಿ ನಾಲ್ಕೈದು ಮಿ.ಮೀ. ಟರ್ನ್ ಮಾಡುವಷ್ಟರಲ್ಲಿ ಟೂಲ್ ಸಲೀಸಾಗಿ ಇಳಿಯಿತು. ಇಎನ್19 ಹಾಕಿ ಅನ್ನುತ್ತಾರೆ. ಇಂಗಾಲ ಅದರಲ್ಲೂ ಇಷ್ಟೇ ಇರುವಾಗ ಅದು ಹೇಗೆ ಹೆಚ್ಚು ಗಟ್ಟಿಯಾಗುತ್ತದೆ?
– ಲೇತ್ ವರ್ಕ್‌ಶಾಪ್‌ನವರು, ಹರಿಹರ

ಉತ್ತರ: ಹೆಚ್ಚು ಗಟ್ಟಿಯಾಗುವುದಿಲ್ಲ, ಹೆಚ್ಚು ಆಳದವರೆಗೆ ಗಟ್ಟಿಯಾಗುತ್ತದೆ. ಗಡಸುತನ ಎಲ್ಲಿಯವರೆಗೆ ಏರಬಹುದು ಎಂಬುದು ಹೆಚ್ಚುಕಡಿಮೆ ಇಂಗಾಲದ ಕೈಯಲ್ಲಿದೆ. ಎರಡರಲ್ಲೂ ಅದು ಶೇ 0.4ರ ಆಸುಪಾಸು. ಹಾಗಾಗಿ ಪೂರ್ತಿ ಗಟ್ಟಿಯಾದರೂ ಎರಡೂ ನಿಲ್ಲುವುದು 55–57 ಎಚ್‌ಆರ್‌ಸಿ (ಗಡಸುತನದ ರಾಕ್‌ವೆಲ್ ಅಳತೆ) ಹತ್ತಿರವೇ.

850 ಡಿಗ್ರಿಗೆ ಕಾಯಿಸಿದಾಗ ಉಕ್ಕು ಆಸ್ಟೆನೈಟ್ ಎಂಬ ರೂಪಕ್ಕೆ ತಿರುಗಿ, ಇಂಗಾಲ ಅದರೊಳಗೆ ಕರಗಿರುತ್ತದೆ. ತಣಿಯುವಾಗ ಸರಿದಾಡಲು ಸಮಯ ಸಿಕ್ಕರೆ ಇಂಗಾಲ ಬೇರ್ಪಟ್ಟು, ಒಂದು ಪದರ ಕಾರ್ಬೈಡ್, ಒಂದು ಪದರ ಮೆತ್ತನೆಯ ಫೆರೈಟ್ ಆಗಿ ಕೂರುತ್ತದೆ. ಇದು ಪರ್ಲೈಟ್. ಸಮಯ ಸಿಗದಿದ್ದರೆ ಇಂಗಾಲ ಇದ್ದಲ್ಲೇ ಸಿಕ್ಕಿಬಿದ್ದು ಗಡಸು ಮಾರ್ಟೆನ್ಸೈಟ್ ಆಗುತ್ತದೆ. ಇಎನ್8ರಲ್ಲಿ ಪರ್ಲೈಟ್ ಶುರುವಾಗಲು ಸೆಕೆಂಡುಗಳು ಸಾಕು, 70 ಮಿ.ಮೀ. ಬಾರಿನ ನಡುವಿನ ಶಾಖವೋ, ಎಷ್ಟೇ ನೀರಿಗೆ ಹಾಕಿದರೂ ಅಷ್ಟು ಬೇಗ ಹೊರಬರದು. ಇಎನ್19ರಲ್ಲಿ ಸುಮಾರು ಶೇ 1 ಕ್ರೋಮಿಯಂ, ಶೇ 0.2–0.4 ಮಾಲಿಬ್ಡಿನಂ ಇವೆ. ಕಬ್ಬಿಣದೊಳಗೆ ಇವುಗಳ ಪರಮಾಣುಗಳು ಸರಿಯುವುದು ಬಲು ನಿಧಾನ, ಹೀಗಾಗಿ ಪರ್ಲೈಟ್ ಹುಟ್ಟುವುದು ತಡವಾಗುತ್ತದೆ. ಆ ಬಿಡುವಿನಲ್ಲಿ ನಡುಭಾಗವೂ ತಣಿದು ಮಾರ್ಟೆನ್ಸೈಟ್ ಅಥವಾ ಬೈನೈಟ್ (ಪರ್ಲೈಟ್, ಮಾರ್ಟೆನ್ಸೈಟ್ ನಡುವಿನ ರೂಪ) ಆಗುತ್ತದೆ. 100 ಮಿ.ಮೀ. ದಾಟಿದ ಭಾರೀ ಶಾಫ್ಟಿಗೆ ನಿಕ್ಕಲ್ ಕೂಡ ಇರುವ ಇಎನ್24 ಕೇಳುವುದು ಇದಕ್ಕೇ. 25 ಮಿ.ಮೀ. ಒಳಗಿನ ಸಾಧಾರಣ ಶಾಫ್ಟಿಗೆ ಇಎನ್8 ಧಾರಾಳವಾಯಿತು, ಇಎನ್19 ದುಂದು.

ಇಎನ್19 ಅನ್ನು ಮಾತ್ರ ನೀರಿಗೆ ಹಾಕಬೇಡಿ, ಎಣ್ಣೆಯೇ ಸರಿ. ಮಾರ್ಟೆನ್ಸೈಟ್ ಆಗುವಾಗ ಉಕ್ಕು ಹಿಗ್ಗುತ್ತದೆ. ಮೇಲ್ಪದರ ಮೊದಲೇ ಗಟ್ಟಿಯಾಗಿ, ಆಮೇಲೆ ಒಳಭಾಗ ಹಿಗ್ಗಿದರೆ ಕೀವೇ (ಕೀಲು ಕೂರಿಸುವ ಕಚ್ಚು) ಮೂಲೆಯಿಂದ ಸೀಳುತ್ತದೆ. ಮೂಲೆಗೆ ಚಿಕ್ಕದಾದರೂ ರೇಡಿಯಸ್ ಕೊಡಿ. ಎಣ್ಣೆಯಿಂದ ತೆಗೆದು, ಮುಟ್ಟಿದರೆ ಇನ್ನೂ ಬಿಸಿ ಇರುವಾಗಲೇ ಟೆಂಪರ್‌ಗೆ (ಪೆಡಸು ಕಳೆಯಲು ಮತ್ತೆ ಕಾಯಿಸುವುದಕ್ಕೆ) ಹಾಕಿಸಿ. ನಾಳೆ ನೋಡೋಣ ಎಂದು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಬಿರುಕು ಕಂಡೀತು. 550–650 ಡಿಗ್ರಿ, ದಪ್ಪದ ಪ್ರತಿ ಇಂಚಿಗೆ ಒಂದು ಗಂಟೆ. 250–370ರ ನಡುವೆ ಟೆಂಪರ್ ಮಾಡಿದರೆ ಪೆಡಸಾಗುತ್ತದೆ. ಇಷ್ಟೆಲ್ಲ ರಗಳೆ ಬೇಡವೆಂದರೆ ‘ಟಿ ಕಂಡಿಷನ್’ ಬಾರ್ ಕೇಳಿ ತನ್ನಿ. ಅದು ಹಾರ್ಡ್ನಿಂಗ್, ಟೆಂಪರಿಂಗ್ ಎರಡೂ ಆಗಿಯೇ ಬಂದಿರುತ್ತದೆ, ಕಾರ್ಬೈಡ್ ಟೂಲಿನಲ್ಲಿ ಚೆನ್ನಾಗಿ ಟರ್ನ್ ಆಗುತ್ತದೆ. ಬೇರಿಂಗ್ ಜಾಗಕ್ಕಷ್ಟೇ ಇಂಡಕ್ಷನ್ ಹಾರ್ಡ್ನಿಂಗ್ (ವಿದ್ಯುತ್ ಸುರುಳಿಯಿಂದ ಮೇಲ್ಮೈಯನ್ನಷ್ಟೇ ಕಾಯಿಸಿ ಗಟ್ಟಿ ಮಾಡುವುದು) ಮಾಡಿಸಿದರಾಯಿತು.

ಪ್ರಶ್ನೆ: ಜಲ್ಲಿ ಕ್ರಷರ್‌ಗೆ ಹೊಸ ಮ್ಯಾಂಗನೀಸ್ ಜಾ ಪ್ಲೇಟ್ (ಕಲ್ಲು ಜಗಿಯುವ ದವಡೆಯ ತಟ್ಟೆ) ತಂದೆವು. ಮ್ಯಾಗ್ನೆಟ್ ಹಿಡಿಯುವುದಿಲ್ಲ, ಸುತ್ತಿಗೆಯಲ್ಲಿ ಹೊಡೆದರೆ ಗುರುತು ಬೀಳುತ್ತದೆ. ಮೋಸ ಹೋದೆವಾ?
– ಚಿತ್ರದುರ್ಗ

ಉತ್ತರ: ಇಲ್ಲ. ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿದಿದ್ದರೆ ಅನುಮಾನ ಪಡಬೇಕಿತ್ತು. 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಉಕ್ಕು ಇದು: ಇಂಗಾಲ ಶೇ 1.2ರ ಸುಮಾರು, ಮ್ಯಾಂಗನೀಸ್ ಶೇ 12–13. ಇಷ್ಟು ಮ್ಯಾಂಗನೀಸ್ ಇದ್ದರೆ ಆಸ್ಟೆನೈಟ್ ತಣ್ಣಗಾದ ಮೇಲೂ ಹಾಗೇ ಉಳಿಯುತ್ತದೆ, ಅದಕ್ಕೆ ಅಯಸ್ಕಾಂತದ ಗುಣವಿಲ್ಲ. ಸುಮಾರು 1050 ಡಿಗ್ರಿಯಿಂದ ನೀರಿಗೆ ಹಾಕಿದರೆ ಬೇರೆ ಉಕ್ಕು ಪೆಡಸಾದೀತು, ಇದು ಜಿಗುಟಾಗುತ್ತದೆ. ಹೊಸ ಪ್ಲೇಟಿನ ಗಡಸುತನ ಬ್ರಿನೆಲ್ ಅಳತೆಯಲ್ಲಿ 200 ಚಿಲ್ಲರೆ. ಕಲ್ಲಿನ ಏಟು ಬಿದ್ದಂತೆಲ್ಲ ಮೇಲ್ಮೈ 500ರವರೆಗೆ ಏರುತ್ತದೆ, ಒಳಗೆ ಜಿಗುಟು ಹಾಗೇ ಇರುತ್ತದೆ. ಗಟ್ಟಿ ಕಲ್ಲಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಮಣ್ಣು, ಮರಳು ಬೆರೆತ ಸಣ್ಣ ಮಾಲು ಹಾಕಿದರೆ ಏಟೇ ಬೀಳದೆ ಬರೀ ಉಜ್ಜಿಕೊಂಡು ಬೇಗ ಸವೆಯುತ್ತದೆ.

ಸವೆದ ಪ್ಲೇಟಿಗೆ ವೆಲ್ಡಿಂಗ್ ತುಂಬುವಾಗ ಮೊದಲೇ ಕಾಯಿಸುವ ಅಭ್ಯಾಸ ಇಲ್ಲಿ ಬಿಟ್ಟುಬಿಡಿ. ಪ್ಲೇಟು 260 ಡಿಗ್ರಿ ದಾಟಿ ಬಹಳ ಹೊತ್ತು ನಿಂತರೆ ಕಣಗಳ ಅಂಚಿನಲ್ಲಿ ಕಾರ್ಬೈಡ್ ಕೂತು, ವೆಲ್ಡಿನ ಪಕ್ಕದಲ್ಲೇ ಒಡೆಯುತ್ತದೆ. ಮ್ಯಾಂಗನೀಸ್ ಉಕ್ಕಿನದೇ ರಾಡ್ ಬಳಸಿ, ಕಡಿಮೆ ಕರೆಂಟಿನಲ್ಲಿ ಗಿಡ್ಡ ಬೀಡ್ ಎಳೆದು, ಪ್ರತಿ ಸಲ ತಣಿಯಲು ಬಿಡಿ.

ಪ್ರಶ್ನೆ: ಮನೆ ಕಟ್ಟುತ್ತಿದ್ದೇವೆ. 500ಡಿ ದರ್ಜೆಯ ಟಿಎಂಟಿಯಲ್ಲಿ (ಕಾಂಕ್ರೀಟಿಗೆ ಹಾಕುವ ಉಕ್ಕಿನ ಸರಳು) 500ಕ್ಕಿಂತ ಬೇರೆ ಲೋಹ ಜಾಸ್ತಿ ಇರುತ್ತದೆಯೇ?
– ದಾವಣಗೆರೆ

ಉತ್ತರ: ಹಾಗೇನಿಲ್ಲ. ಭಾರತೀಯ ಮಾನಕ ಐಎಸ್ 1786ರ ಪ್ರಕಾರ 500 ದರ್ಜೆಗೆ ಇಂಗಾಲ ಶೇ 0.30ರವರೆಗೆ, 500ಡಿಗೆ 0.25ರವರೆಗೆ ಮಾತ್ರ. ಗಂಧಕ, ರಂಜಕವೂ ಕಡಿಮೆ. ಯೀಲ್ಡ್ ಬಲ (ಸರಳು ಶಾಶ್ವತವಾಗಿ ಹಿಗ್ಗತೊಡಗುವ ಮಟ್ಟ) ಕನಿಷ್ಠ ಎರಡಕ್ಕೂ ಒಂದೇ, ತುಂಡಾಗುವ ಮುಂಚೆ 500 ಕನಿಷ್ಠ ಶೇ 12ರಷ್ಟು ಉದ್ದವಾಗಬೇಕು, 500ಡಿ ಶೇ 16ರಷ್ಟು. ಟಿಎಂಟಿಯ ಬಲದಲ್ಲಿ ದೊಡ್ಡ ಪಾಲು ರೋಲಿಂಗ್ ಮುಗಿದ ತಕ್ಷಣ ಹಾಯಿಸುವ ನೀರಿನದು: ಹೊರಗೆ ಟೆಂಪರ್ ಆದ ಮಾರ್ಟೆನ್ಸೈಟ್ ಬಳೆ, ಒಳಗೆ ಫೆರೈಟ್–ಪರ್ಲೈಟ್. ತುದಿಯನ್ನು ಎಮರಿಯಲ್ಲಿ ನುಣುಪು ಮಾಡಿ, ಸ್ಪಿರಿಟ್ಟಿಗೆ ತುಸು ನೈಟ್ರಿಕ್ ಆಸಿಡ್ ಬೆರೆಸಿದ ದ್ರಾವಣ ಸವರಿದರೆ ಆ ಬಳೆ ಕಪ್ಪಗೆ ಕಾಣುತ್ತದೆ. ಇದನ್ನು ಲ್ಯಾಬಿನವರೇ ಮಾಡಲಿ. ಗ್ಯಾಸ್ ಕಟ್ಟರ್‌ನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಆ ಜಾಗದಲ್ಲಿ ಬಳೆ ಕೆಡುತ್ತದೆ. ಟಿಎಂಟಿ ಸರಳನ್ನು ಟರ್ನ್ ಮಾಡಿ ಥ್ರೆಡ್ ಹಾಕಿ ಫೌಂಡೇಶನ್ ಬೋಲ್ಟ್ ಮಾಡುವುದೂ ಬೇಡ, ಲೇತ್‌ನಲ್ಲಿ ಮೊದಲು ಹೋಗುವುದೇ ಆ ಬಳೆ.