ನಿಮ್ಮ ಕೋವಿ ಲೇಖನ ಓದಿದೆ

ರಾಯಚೂರಿನ ಗೆಳೆಯರಿಗೆ ಬಳ್ಳಾರಿಯಿಂದ ನಮಸ್ಕಾರ.

‘ಏಜ್ ಆಫ್ ಎಂಪೈರ್ಸ್ 2’ ಎಂಬ ಕಂಪ್ಯೂಟರ್ ಯುದ್ಧದ ಗೇಮ್‌ನ ಹ್ಯಾಂಡ್ ಕ್ಯಾನನಿಯರ್, ಅಂದರೆ ಕೋವಿ ಹಿಡಿದ ಕಾಲಾಳಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸೋಕೆ ಆಗಲ್ಲ. ಕೈಬಿಡೋಕೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ಅಂಕಿ. ಇವನ ಬೆಲೆ ಆಹಾರ 45, ಚಿನ್ನ 50, ಹೊಡೆತ 17, ಗುರಿ ನೂರಕ್ಕೆ ಇಷ್ಟು. ಅಂಕಿ ಸರಿಯಾಗಿಯೇ ಇವೆ. ಆದರೆ ಆಡುವವರಿಗೆ ಇದು ಗೊತ್ತಿರುತ್ತೆ, ಆಡದವರಿಗೆ ಇದರಿಂದ ಏನೂ ಸಿಗಲ್ಲ. ಗುರಿ ಯಾಕೆ ಅಷ್ಟು ತಪ್ಪುತ್ತೆ? ಗೇಮ್‌ನಲ್ಲಿ ಕೆಮಿಸ್ಟ್ರಿ ಎಂಬ ವಿದ್ಯೆ ಕಲಿತ ಮೇಲೇ ಇವನು ಯಾಕೆ ಸಿಗುತ್ತಾನೆ? ಅದನ್ನು ನೀವು ಕೇಳಿಕೊಂಡೇ ಇಲ್ಲ.

‘ಪಟಪಟನೆ ಗುಂಡು ಹಾರಿಸಿ ವೈರಿಗಳನ್ನು ಚೆಂಡಾಡಿದ’ ಎಂದು ಬರೆದಿದ್ದೀರಿ. ಉರಿಯುವ ಬತ್ತಿಯಿಂದ ಮದ್ದು ಹೊತ್ತಿಸುವ ಬತ್ತಿ ಕೋವಿಯಲ್ಲಿ ಪಟಪಟ ಎಲ್ಲಿ ಬಂತು? ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು. ಸೀಸದ ಗುಂಡು ಹಾಕಿ ಕೋಲಿನಿಂದ ಜಡಿಯಬೇಕು. ಪಕ್ಕದ ಪುಟ್ಟ ಬಟ್ಟಲಿಗೆ ಮತ್ತೆ ಚಿಟಿಕೆ ಮದ್ದು. ಇಷ್ಟೂ ಹೊತ್ತು ಬತ್ತಿ ಹತ್ತಿರದಲ್ಲೇ ಉರಿಯುತ್ತಿರುತ್ತೆ. ಕಿಡಿ ಹಾರಿದರೆ ಕೈ ಸುಟ್ಟಿತು, ಮಳೆ ಬಂದರೆ ಬತ್ತಿ ಆರಿತು. ಆ ಹೊತ್ತಿನ ಕೋವಿಯವನ ಎದೆಬಡಿತ ನಿಮ್ಮ ಲೇಖನದಲ್ಲಿ ಬರಬೇಕು.

ಕೊನೆಗೆ ‘1520ರ ರಾಯಚೂರು ಯುದ್ಧವನ್ನು ಕೋವಿ ಗೆದ್ದಿತು’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ನನಗೆ ಜಾಸ್ತಿ ಬೇಜಾರಾಗಿದ್ದು ಇಲ್ಲೇ. ಬಯಲಿನಲ್ಲಿ ಫಿರಂಗಿಯ ಬಲ ಇದ್ದದ್ದು ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ಕಡೆ. ಮೊದಲ ಹೊಡೆತಕ್ಕೆ ಕೃಷ್ಣದೇವರಾಯನ ಮುಂದಿನ ಪಡೆ ಚದುರಿತು. ಆದರೂ ರಾಯನ ಸೈನ್ಯ ತಿರುಗಿ ನುಗ್ಗಿ ಗೆದ್ದಿತು. ಕೋವಿ ನಿಜವಾಗಿ ಕೆಲಸಕ್ಕೆ ಬಂದದ್ದು ರಾಯಚೂರು ಕೋಟೆಯ ಮುತ್ತಿಗೆಯಲ್ಲಿ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ. ರಾಯನ ಕಡೆಗಿದ್ದ ಫಿಗೇರೆದೊ ಎಂಬ ಪೋರ್ಚುಗೀಸನು ತನ್ನ ಕೋವಿಯವರೊಂದಿಗೆ ಗೋಡೆಯ ಮೇಲೆ ತಲೆ ಎತ್ತಿದವರಿಗೆಲ್ಲ ಗುರಿಯಿಟ್ಟ. ಮೇಲಿನವರು ಹಿಂದೆ ಸರಿದರು. ಆಗ ರಾಯನ ಜನ ಬುಡಕ್ಕೆ ಹೋಗಿ ಕಲ್ಲು ಕಿತ್ತರು. ಕಿತ್ತ ಕಲ್ಲಿಗೆ ಗಾತ್ರ ನೋಡಿ ಪಣದ ನಾಣ್ಯ ಕೊಡುತ್ತಿದ್ದರಂತೆ. ಕಡೆಗೆ ಕೋಟೆಯ ಅಧಿಕಾರಿ ಕೆಳಗೆ ಇಣುಕಿದಾಗ ಅವನ ಹಣೆಗೇ ಗುಂಡು ಬಿತ್ತು. ಕೋಟೆ ಶರಣಾಯಿತು.

ಗೇಮ್‌ನಲ್ಲೂ ಇವನು ಕಾಲಾಳಿಗೆ ಯಮ, ಗೋಡೆಯ ಎದುರು ಮಾತ್ರ ಕೈಲಾಗದವನು. ನಿಮ್ಮ ಲೇಖನದ ಎರಡು ತುದಿಗಳೂ ಇಲ್ಲೇ ಕೂಡುತ್ತವೆ, ಅಲ್ವಾ?

ಮನೆ ಕೋಟೆಯ ಹತ್ತಿರವೇ ಅಂತ ಬರೆದಿದ್ದೀರಿ. ಒಂದು ಬೆಳಗ್ಗೆ ಹೋಗಿ 1294ರ ಶಾಸನವಿರುವ ಆ ಉದ್ದನೆಯ ಕಲ್ಲು ನೋಡಿ ಬನ್ನಿ. ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಆಮೇಲೆ ಗೋಡೆಯ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿ. ಹಾರೆ ಹಿಡಿದು ಅಲ್ಲಿ ನಿಂತವನ ಕಣ್ಣಿಂದ ಲೇಖನ ಶುರುಮಾಡಿ, ಅಂಕಿಗಳಲ್ಲಿ ಮೂರು ಉಳಿದರೆ ಸಾಕು. ತಿಂಗಳೊಳಗೆ ಕಳಿಸಿ, ನಾನೇ ಕೂತು ತಿದ್ದುತ್ತೇನೆ.