ಸರ್, ಒಬ್ಬರೇ ಕೂತು ಲೆಕ್ಕ ಬರೆಯಬೇಡಿ

ಸರ್, ನಿಮ್ಮ ಪೋಸ್ಟ್ ನೋಡಿ ಸುಮ್ನೆ ಇರಲು ಆಗಲಿಲ್ಲ. ಆಡಿಟರ್ ಆಫೀಸ್ ಬಿಟ್ಟು ಸ್ವಂತವಾಗಿ ಅಂಗಡಿಗಳ ಲೆಕ್ಕ ಬರೆಯಲು ಶುರು ಮಾಡಿದ್ದೀರಿ, ಪಾರ್ಟಿಗಳೂ, ಅಂದರೆ ಲೆಕ್ಕ ಬರೆಸುವ ಅಂಗಡಿಯವರೂ, ಬರುತ್ತಿದ್ದಾರೆ, ಸಂತೋಷ. ಆದರೆ ಸಿಮೆಂಟ್ ಅಂಗಡಿಯ ಲಾರಿ ಬಾಡಿಗೆಯನ್ನೆಲ್ಲ ನೇರ ಖರ್ಚಿಗೆ ಹಾಕಿ ಮುಗಿಸುತ್ತೇನೆ, ಇದುವರೆಗೆ ಯಾರೂ ಕೇಳಿಲ್ಲ ಅಂತ ಬರೆದಿದ್ದೀರಿ. ಅದರ ಕೆಳಗೇ ಅಕೌಂಟೆಂಟರ ಸಂಘ, ಮೀಟಿಂಗ್ ಎಲ್ಲ ಟೈಮ್ ವೇಸ್ಟ್, ಹೋದರೆ ನಮ್ಮ ಪಾರ್ಟಿಗಳನ್ನೇ ಎಳೆದುಕೊಳ್ಳುತ್ತಾರೆ ಅಂತಲೂ ಇದೆ. ಎರಡನೆಯದರಿಂದಲೇ ಮೊದಲನೆಯದು ಆಗುತ್ತಿರುವುದು.

ಬಾಡಿಗೆ ವಿಷಯ ಮೊದಲು. ಎಲ್‌ಆರ್ (ಸರಕು ಒಪ್ಪಿಕೊಂಡದ್ದಕ್ಕೆ ಕೊಡುವ ಲಾರಿ ರಸೀದಿ) ಕೊಡುವ ಟ್ರಾನ್ಸ್‌ಪೋರ್ಟ್‌ನವರಾದರೆ ಆರ್‌ಸಿಎಂನಲ್ಲಿ (ರಿವರ್ಸ್ ಚಾರ್ಜ್, ಅಂದರೆ ಸೇವೆ ಕೊಟ್ಟವರ ಬದಲು ಪಡೆದವರೇ ಜಿಎಸ್‌ಟಿ ಕಟ್ಟುವ ಪದ್ಧತಿ) 5% ನಿಮ್ಮ ಪಾರ್ಟಿಯೇ ಕಟ್ಟಬೇಕು. ಟ್ರಾನ್ಸ್‌ಪೋರ್ಟ್‌ನವರು ತಾವೇ ಕಟ್ಟುತ್ತೇವೆ ಅಂತ ಬಿಲ್ಲಿನಲ್ಲಿ ಡಿಕ್ಲರೇಷನ್ ಹಾಕಿ ಟ್ಯಾಕ್ಸ್ ಸೇರಿಸಿದ್ದರೆ ಬೇಡ. ಎಲ್‌ಆರ್ ಇಲ್ಲದೆ ಊರಿನ ಟೆಂಪೋದವರು ತಂದು ಇಳಿಸಿದ್ದರೆ ಅದು ಜಿಟಿಎ (ಜಿಎಸ್‌ಟಿ ಲೆಕ್ಕದಲ್ಲಿ ಸರಕು ಸಾಗಣೆ ಏಜೆನ್ಸಿ) ಅಲ್ಲ, ಆರ್‌ಸಿಎಂ ಬರುವುದಿಲ್ಲ. ಒಂದು ಲೋಡಿಗೆ 1,500 ರೂಪಾಯಿವರೆಗೆ ವಿನಾಯಿತಿ ಅಂತ ಯಾವುದೋ ಹಳೇ ವೀಡಿಯೊ ನೋಡಿ ಕೂರಬೇಡಿ, ಅದು 2022ರ ಜುಲೈ 18ಕ್ಕೇ ಹೋಯಿತು. ಆರ್‌ಸಿಎಂ ಟ್ಯಾಕ್ಸನ್ನು ಕ್ಯಾಶ್ ಲೆಡ್ಜರ್‌ನಿಂದಲೇ (ಜಿಎಸ್‌ಟಿ ಪೋರ್ಟಲ್‌ನಲ್ಲಿ ತುಂಬಿದ ದುಡ್ಡಿನಿಂದ) ಕಟ್ಟಬೇಕು, ಕಟ್ಟಿದ್ದನ್ನು ಅದೇ ತಿಂಗಳು ಐಟಿಸಿ ತಗೊಳ್ಳಬಹುದು, ಅಂದರೆ ಮಾರಾಟದ ಟ್ಯಾಕ್ಸಿನಲ್ಲಿ ಕಳೆದುಕೊಳ್ಳಬಹುದು. ಅಂದರೆ ಟೈಮಿಗೆ ಸರಿಯಾಗಿ ಮಾಡಿದರೆ ಪಾರ್ಟಿಗೆ ಕೈಯಿಂದ ಹೋಗುವುದು ಏನೂ ಇಲ್ಲ, ತಡ ಮಾಡಿದರೆ ಮಾತ್ರ 18% ಬಡ್ಡಿ, ಅದು ವಾಪಸ್ ಬರುವ ದುಡ್ಡಲ್ಲ.

ನನ್ನ ಹಾರ್ಡ್‌ವೇರ್ ಪಾರ್ಟಿಯೊಂದರಲ್ಲೂ ಇದೇ ಆಗಿತ್ತು. ಹಿಡಿದದ್ದು ನಾನಲ್ಲ, ಪಕ್ಕದ ತಾಲ್ಲೂಕಿನ ಇನ್ನೊಬ್ಬ ಅಕೌಂಟೆಂಟ್. ಬೇರೆ ಕೆಲಸಕ್ಕೆ ಬಂದವರು ಸ್ಕ್ರೀನ್ ಮೇಲಿದ್ದ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ನೋಡಿ "ಫ್ರೈಟ್ ಇನ್‌ವರ್ಡ್ ನಾಲ್ಕು ಲಕ್ಷ ಇದೆ, 3ಬಿಯಲ್ಲಿ 3.1(ಡಿ) ಯಾಕೆ ಖಾಲಿ?" ಅಂದರು. ಫ್ರೈಟ್ ಇನ್‌ವರ್ಡ್ ಅಂದರೆ ಸರಕು ತರಿಸಿದ ಬಾಡಿಗೆ, 3ಬಿ ಅಂದರೆ ಟ್ಯಾಕ್ಸ್ ಕಟ್ಟುವ ಜಿಎಸ್‌ಟಿ ರಿಟರ್ನ್, ಅದರಲ್ಲಿ 3.1(ಡಿ) ಆರ್‌ಸಿಎಂ ತೋರಿಸುವ ಸಾಲು. ಒಂದೇ ಪ್ರಶ್ನೆ. ದಿನಾ ಅದೇ ಲೆಡ್ಜರ್ ನೋಡುವ ನಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆಡಿಟರ್ ಆಫೀಸಿನಲ್ಲಿದ್ದಾಗ ಸೀನಿಯರ್ ಒಬ್ಬರು ಬೆನ್ನ ಹಿಂದೆ ನಿಂತು ನೋಡುತ್ತಿದ್ದರು ಅಲ್ವಾ, ಸ್ವಂತ ಶುರು ಮಾಡಿದ ದಿನ ಆ ಕಣ್ಣು ಹೋಗುತ್ತದೆ. ಅದನ್ನು ನೀವೇ ಹುಡುಕಿಕೊಳ್ಳಬೇಕು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಜೋಡಿ ಪದ್ಧತಿ. ನಿಮ್ಮಂಥದ್ದೇ ಕೆಲಸ ಮಾಡುವ ಒಬ್ಬರನ್ನು ಹಿಡಿಯಿರಿ, ಒಂದೇ ಬೀದಿಯವರು ಬೇಡ, ಪಕ್ಕದ ಊರಿನವರು ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಪಾರ್ಟಿ ಹೆಸರು, ಜಿಎಸ್‌ಟಿ ನಂಬರ್ ತೆಗೆದು ಟ್ರಯಲ್ ಬ್ಯಾಲೆನ್ಸನ್ನೂ 3ಬಿಯನ್ನೂ ಬದಲಾಯಿಸಿಕೊಳ್ಳಿ. ಅವರು ನಿಮ್ಮದಕ್ಕೆ ಪ್ರಶ್ನೆ ಬರೆಯಲಿ, ನೀವು ಅವರದಕ್ಕೆ. ನೆಗೆಟಿವ್ ಕ್ಯಾಶ್ (ಇದ್ದದ್ದಕ್ಕಿಂತ ಹೆಚ್ಚು ನಗದು ಖರ್ಚಾದಂತೆ ತೋರುವುದು), ಸಸ್ಪೆನ್ಸ್‌ನಲ್ಲಿ (ಯಾವುದಕ್ಕೆ ಅಂತ ಗೊತ್ತಾಗದ್ದನ್ನು ಇಡುವ ಖಾತೆ) ಕೊಳೆಯುತ್ತಿರುವ ಎಂಟ್ರಿ, 2ಬಿಗೂ (ಮಾರಿದವರು ತೋರಿಸಿದ ಬಿಲ್‌ಗಳಿಂದ ಪೋರ್ಟಲ್ ಕೊಡುವ ಐಟಿಸಿ ಪಟ್ಟಿ) ಪರ್ಚೇಸ್‌ಗೂ ವ್ಯತ್ಯಾಸ, ಎಲ್ಲ ಸಿಗುತ್ತದೆ. 20ನೇ ತಾರೀಕಿಗೆ ನಿಮಗೆ ಜ್ವರ ಬಂದು ಮಲಗಿದರೆ 3ಬಿ ಹಾಕುವವರೂ ಅವರೇ. ಆದರೆ ಪಾರ್ಟಿಗೆ ಮೊದಲೇ ಹೇಳಿ ಒಪ್ಪಿಗೆ ತಗೊಂಡಿರಿ, ಪಾಸ್‌ವರ್ಡ್ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಪಾರ್ಟಿ ಎಳೆದುಕೊಳ್ಳುವ ಭಯ ಇದ್ದರೆ ಒಬ್ಬರ ಪಾರ್ಟಿಯನ್ನು ಇನ್ನೊಬ್ಬರು ಕೇಳದೆ ತಗೊಳ್ಳುವಂತಿಲ್ಲ ಅಂತ ಒಂದು ಹಾಳೆ ಬರೆದುಕೊಳ್ಳಿ. ನಿಜ ಹೇಳಬೇಕೆಂದರೆ ಪಾರ್ಟಿ ಬಿಟ್ಟು ಹೋಗುವುದು ನೋಟಿಸ್ ಬಂದಾಗ, ಸ್ನೇಹಿತರಿಂದ ಅಲ್ಲ.

2025ರ ಜುಲೈ ನೆನಪಿದೆಯಾ? ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆಲ್ಲ ಜಿಎಸ್‌ಟಿ ನೋಟಿಸ್ ಬಂತು. ಹಾಲು, ತರಕಾರಿಗೆ ಟ್ಯಾಕ್ಸ್ ಇಲ್ಲ, ಅದನ್ನು ಕಳೆದರೆ 40 ಲಕ್ಷದ ಒಳಗೆ ಬರುತ್ತದೆ, ರಿಜಿಸ್ಟ್ರೇಷನ್ ಬೇಡ ಅಂತ ಎಷ್ಟೋ ಜನ ಧೈರ್ಯವಾಗಿ ಉತ್ತರ ಬರೆಯಲು ಹೊರಟಿದ್ದರು. ಬರೀ ತರಕಾರಿ ಮಾರುವವರಿಗೆ ಸರಿ, ಅವರಿಗೆ ರಿಜಿಸ್ಟ್ರೇಷನ್ನೇ ಬೇಕಾಗಿಲ್ಲ. ಆದರೆ ಹಾಲಿನ ಜೊತೆ ಬಿಸ್ಕೆಟ್ ಇಟ್ಟ ತಕ್ಷಣ ಹಾಲಿನ ಮಾರಾಟವೂ ಒಟ್ಟು ವಹಿವಾಟಿಗೆ ಸೇರುತ್ತದೆ. ಇದನ್ನು ನಾಲ್ಕು ಜನ ಕೂತು ಮಾತಾಡಿದ ಕಡೆ ತಪ್ಪು ಉತ್ತರ ಹೋಗಲಿಲ್ಲ. ಯುಪಿಐ ಲೆಕ್ಕದಿಂದ ಮನೆಯವರು ಕಳಿಸಿದ ದುಡ್ಡು, ಕೈಸಾಲ ಬೇರೆ ಮಾಡುವ ಪಟ್ಟಿಯನ್ನೂ ಒಬ್ಬರಿಂದ ಒಬ್ಬರು ಕಲಿತರು. ಹಾಗಂತ ಗುಂಪಿನಲ್ಲಿ ಬಂದ ಉತ್ತರದ ಡ್ರಾಫ್ಟನ್ನು ಹೆಸರು ಬದಲಿಸಿ ಹಾಗೇ ಅಪ್‌ಲೋಡ್ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಸೆಕ್ಷನ್ ತೆಗೆದು ಓದಿ.

ಇನ್ನೊಂದು, ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ, ನೀವು ಬಳಸುತ್ತಿರುವ ಕ್ರ್ಯಾಕ್ ಮಾಡಿದ (ಲೈಸೆನ್ಸ್ ಕೊಳ್ಳದ) ಟ್ಯಾಲಿ ಸಾಫ್ಟ್‌ವೇರ್ ತೆಗೆದುಹಾಕಿ. ಹತ್ತಾರು ಜನರ ಲೆಕ್ಕ ಅದರ ಮೇಲೆ ಕೂತಿದೆ, ಡೇಟಾ ಕೆಟ್ಟರೆ ಯಾರನ್ನು ಕೇಳುತ್ತೀರಿ? ಅಂಗಡಿ ಲೆಕ್ಕಕ್ಕೆ ಟ್ಯಾಲಿಯಷ್ಟು ಬೇಗ ಕೈ ಓಡುವುದು ಬೇರೆ ಯಾವುದರಲ್ಲೂ ಇಲ್ಲ ಅನ್ನುವುದು ನನ್ನ ಅನುಭವ. ಮಾಲೀಕರೇ ಮೊಬೈಲ್‌ನಲ್ಲಿ ಬಿಲ್ ಹಾಕುವ ಕಡೆ ಜೊಹೊ ಬುಕ್ಸ್ ಅನುಕೂಲ. ಬರೀ ಎಕ್ಸೆಲ್ ಅಂತೂ ಬೇಡವೇ ಬೇಡ.

ಸಿಮೆಂಟ್ ಪಾರ್ಟಿ ಅಂದಿರಲ್ಲ, 2025ರ ಸೆಪ್ಟೆಂಬರ್ 22ಕ್ಕೆ ಸಿಮೆಂಟಿನ ಜಿಎಸ್‌ಟಿ ರೇಟ್ 28%ನಿಂದ 18%ಗೆ ಇಳಿಯಿತು. ಟ್ಯಾಲಿಯ ಐಟಂ ಮಾಸ್ಟರ್‌ನಲ್ಲಿ (ಸರಕು, ಅದರ ಟ್ಯಾಕ್ಸ್ ರೇಟ್ ಬರೆದಿಡುವ ಜಾಗ) ಹಳೇ ರೇಟಿನ ಮೇಲೇ ತಿದ್ದಿದ್ದೀರಾ, ಇಲ್ಲ ಆ ತಾರೀಕು ಕೊಟ್ಟು ಹೊಸ ರೇಟ್ ಹಾಕಿದ್ದೀರಾ ನೋಡಿ. ಮೇಲೇ ತಿದ್ದಿದ್ದರೆ ಹಳೇ ತಿಂಗಳ ಬಿಲ್ ತೆರೆದು ಸೇವ್ ಮಾಡುವಾಗ ಟ್ಯಾಕ್ಸ್ ಬದಲಾಗಿಬಿಡಬಹುದು. ಸೆಪ್ಟೆಂಬರ್ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಪಕ್ಕದಲ್ಲಿಟ್ಟುಕೊಂಡು ಒಮ್ಮೆ ತಾಳೆ ಹಾಕಿ. ಬಾಡಿಗೆ ಲೆಡ್ಜರನ್ನೂ ಎಲ್‌ಆರ್ ಇರುವವು, ಇಲ್ಲದವು ಅಂತ ಬಿಡಿಸಿ, ಹೆಸರು ತೆಗೆದು ಇಲ್ಲಿ ಹಾಕಿ. ನಾಳೆ ಸಂಜೆ ನಾನೂ ಕೂತು ನೋಡುತ್ತೇನೆ.